ಓಣಿಯ ಗಟಾರಕ್ಕೆ ಪಂಚಾಯಿತಿ ದುಡ್ಡು ಬೀಳಬೇಕೆಂದರೆ

ಮೆಂಬರ್ ಮನೆಗೆ ಹೋಗಿ "ನಮ್ಮ ಓಣಿಗೆ ಒಂದು ಗಟಾರ ಮಾಡಿಸ್ರೀ" ಎಂದರೆ ಅವರು ಹೂಂ ಅನ್ನುತ್ತಾರೆ, ವರ್ಷ ಕಳೆಯುತ್ತದೆ. ಎಷ್ಟೋ ಸಲ ಅದು ಅವರ ತಪ್ಪೂ ಅಲ್ಲ. ಗ್ರಾಮ ಪಂಚಾಯಿತಿಯ ದುಡ್ಡು ಒಂದೇ ಗಂಟಿನಲ್ಲಿ ಇರುವುದಿಲ್ಲ, ಗಂಟಿಗೊಂದು ಕಟ್ಟಳೆ ಇರುತ್ತದೆ. ಯಾವ ಗಂಟಿನಿಂದ ಕೇಳುತ್ತಿದ್ದೀರಿ ಎಂಬುದು ಅರ್ಜಿಯಲ್ಲೇ ಇರಬೇಕು.

ಒಂದನೆಯದು ಪಂಚಾಯಿತಿಯ ಸ್ವಂತ ವಸೂಲಿ: ಮನಿಪಟ್ಟಿ, ನೀರಪಟ್ಟಿ, ಮಳಿಗೆ ಬಾಡಿಗೆ, ಸಂತೆ ಕರ, ಲೈಸೆನ್ಸ್ ಶುಲ್ಕ. ಇದರಲ್ಲಿ ಶೇ. 25 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಉಳಿದದ್ದರಲ್ಲಿ ವಾಟರ್‌ಮನ್ ಪಗಾರ, ಮೋಟಾರು ರಿಪೇರಿ, ಬೀದಿ ದೀಪ ಇಂಥವೇ ಹೆಚ್ಚಿನದನ್ನು ನುಂಗುತ್ತವೆ. ರಸೀದಿಯಲ್ಲಿ ಕಾಣುವ ಗ್ರಂಥಾಲಯ, ಭಿಕ್ಷುಕರ ಉಪಕರಗಳು ಆಯಾ ಉದ್ದೇಶಕ್ಕೇ ಹೋಗುವಂಥವು, ಅವುಗಳ ಮೇಲೆ ಕಣ್ಣಿಡಬೇಡಿ. ಊರಿನ ಪಟ್ಟಿ ಬಾಕಿ ದೊಡ್ಡದಿದ್ದರೆ ಈ ಗಂಟಿನಿಂದ ಹೊಸ ಗಟಾರ ಕೇಳುವುದು ದಂಡ.

ಎರಡನೆಯದು ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ 2021-26ರ ಅವಧಿಯಲ್ಲಿ ರಾಜ್ಯಕ್ಕೆ ಬಂದ ಈ ಹಣದ ಶೇ. 85 ಗ್ರಾಮ ಪಂಚಾಯಿತಿಗಳಿಗೆ ಹಂಚಿಕೆಯಾಗಿತ್ತು. ಅದರಲ್ಲಿ ಶೇ. 60 ನಿರ್ಬಂಧಿತ, ಅಂದರೆ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40 ಮಾತ್ರ ಅನಿರ್ಬಂಧಿತ, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಈಗಿನ ವರ್ಷದ ಪಾಲು ಎಷ್ಟೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಸುತ್ತೋಲೆ ಕೇಳಿ ನೋಡಿ. ಸಿಮೆಂಟ್ ರಸ್ತೆ ಬೇಕೆಂದರೆ ಅನಿರ್ಬಂಧಿತ ಪಾಲಿಗೆ ಕೈ ಚಾಚಬೇಕು, ಅಲ್ಲಿ ಇಡೀ ಊರು ಸಾಲುಗಟ್ಟಿ ನಿಂತಿರುತ್ತದೆ. ಬಚ್ಚಲ ನೀರಿನ ಗಟಾರವಾದರೆ ಬೂದು ನೀರಿನ ನಿರ್ವಹಣೆ ಎಂದು ನೈರ್ಮಲ್ಯದ ಪಾಲಿನಲ್ಲಿ ಕೇಳಬಹುದು. ಅಲ್ಲಿ ಪೈಪೋಟಿ ಕಡಿಮೆ. ಹಾಗಾಗಿ "ರಸ್ತೆ ಮತ್ತು ಗಟಾರ" ಎಂದು ಒಂದೇ ಅರ್ಜಿ ಬರೆಯಬೇಡಿ, ಎರಡು ಬರೆಯಿರಿ.

ಅರ್ಜಿ ಕೊಡುವ ಜಾಗ ವಾರ್ಡ್ ಸಭೆ. ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಎಚ್ಚರಾದವರಿಗೆ ಆ ವರ್ಷ ಏನೂ ಸಿಗುವುದಿಲ್ಲ. ವಾರ್ಡ್ ಸಭೆಯಿಂದ ಗ್ರಾಮ ಸಭೆಗೆ, ಅಲ್ಲಿಂದ ಪಂಚಾಯಿತಿ ಸಾಮಾನ್ಯ ಸಭೆಯ ಠರಾವಿಗೆ, ಆಮೇಲೆ ಕ್ರಿಯಾ ಯೋಜನೆಗೆ ಹೋಗಬೇಕು. ನಡುವೆ ಎಲ್ಲಿ ಕೈಬಿಟ್ಟರೂ ಯಾರೂ ನಿಮಗೆ ಹೇಳಿ ಕಳಿಸುವುದಿಲ್ಲ. ಗ್ರಾಮ ಸಭೆಯಲ್ಲಿ ನಿಮ್ಮ ಕೆಲಸದ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಲ್ಲೇ ಓದಿಸಿ ಕೇಳಿ. "ವಾರ್ಡಿನ ವಿವಿಧ ಕಾಮಗಾರಿಗಳು" ಎಂದು ಬರೆದಿದ್ದರೆ ಒಪ್ಪಬೇಡಿ. ಆ ವಿವಿಧದೊಳಗೆ ನಿಮ್ಮ ಓಣಿ ಇರಲಿಕ್ಕಿಲ್ಲ.

ಅರ್ಜಿಯಲ್ಲಿ ಇರಬೇಕಾದದ್ದು: ಯಾರ ಮನೆಯಿಂದ ಎಲ್ಲಿಯವರೆಗೆ, ಟೇಪು ಹಿಡಿದು ಅಳೆದ ಉದ್ದ, ಓಣಿಯ ಅಗಲ, ಮನೆಗಳ ಸಂಖ್ಯೆ, ಆಸ್ತಿ ನಂಬರಿನೊಂದಿಗೆ ಸಹಿಗಳು. ಎಲ್ಲಕ್ಕಿಂತ ಮುಖ್ಯವಾಗಿ ನೀರು ಕೊನೆಗೆ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ತಾರೀಖು, ಸಿಕ್ಕಾ ಹಾಕಿಸಿಕೊಂಡು ಬನ್ನಿ.

ಕೆಲಸ ಅರ್ಧಕ್ಕೆ ನಿಲ್ಲುವುದು ಬಹುತೇಕ ಆ ಕೊನೆಯ ತುದಿಯಲ್ಲಿ. ತನ್ನ ಹಿತ್ತಲಿಗೆ, ಹೊಲಕ್ಕೆ ಬಚ್ಚಲ ನೀರು ಬಿಡಲು ಯಾರು ಒಪ್ಪುತ್ತಾರೆ? ಹಳ್ಳಕ್ಕೆ ದಾರಿ ಇಲ್ಲದಿದ್ದರೆ ಇಂಗುಗುಂಡಿಯ ಜಾಗವನ್ನು ಮೊದಲೇ ಗೊತ್ತುಮಾಡಿ, ಆದರೆ ಅದು ಕುಡಿಯುವ ನೀರಿನ ಬಾವಿ, ಬೋರಿನ ಹತ್ತಿರ ಬೇಡ. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಅದನ್ನೂ ಲೆಕ್ಕಕ್ಕಿಡಿ. ಮನೆಯ ಮುಂದಿನ ಕಟ್ಟೆ, ಪಾವಟಿಗೆ ಓಣಿಗೆ ಚಾಚಿದ್ದರೆ ಗುತ್ತಿಗೆದಾರ ಬರುವ ಮೊದಲೇ ಒಪ್ಪಿಸಿ ತೆಗೆಸಬೇಕು. ಆಲಮಟ್ಟಿ ಹಿನ್ನೀರಿನಿಂದ ಎದ್ದುಬಂದ ಪುನರ್ವಸತಿ ಕೇಂದ್ರದವರು ಇನ್ನೊಂದು ಕೇಳಬೇಕು: ಓಣಿ ಪಂಚಾಯಿತಿಗೆ ಹಸ್ತಾಂತರವಾಗಿದೆಯೇ? ಆಗದಿದ್ದರೆ ಅರ್ಜಿ ತಪ್ಪು ಬಾಗಿಲು ತಟ್ಟಿದಂತೆ.

ಮಂಜೂರಾದ ಮೇಲೆ ಎಸ್ಟಿಮೇಟಿನ ನಕಲು ಇಟ್ಟುಕೊಂಡು ಕೆಲಸ ನೋಡಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟು ಬೇಕು. ದಪ್ಪ 10 ಸೆಂಟಿಮೀಟರಿಗೆ ಇಳಿದರೆ 15 ಘನ ಮೀಟರ್ ಮಾಯ. ವಿಜಯಪುರ, ಬಾಗಲಕೋಟೆ ಕಡೆಯ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಕಾಂಕ್ರೀಟನ್ನೂ ಬಿರಿಸುತ್ತದೆ. ಅದಕ್ಕೇ ಎರೆ ತೆಗೆದು, ಗರಸು ಹಾಕಿ, ನೀರು ಹೊಡೆದು, ರೋಲರ್ ಆಡಿಸಬೇಕು. ಗಟಾರದ ಇಳಿಜಾರು 100 ಮೀಟರಿಗೆ ಅರ್ಧದಿಂದ ಒಂದು ಮೀಟರ್ ಇರಲಿ, ಗೌಂಡಿಯ ಲೆವೆಲ್ ಪೈಪಿನಲ್ಲೇ ಇದನ್ನು ನೋಡಬಹುದು. ಇಳಿಜಾರು ಕಡಿಮೆಯಾದರೆ ಸೊಳ್ಳೆಗೆ ತೊಟ್ಟಿ ಕಟ್ಟಿಸಿದ ಹಾಗೆ. ರಸ್ತೆಗೆ ಕನಿಷ್ಠ 14 ದಿನ ನೀರುಣಿಸಬೇಕು. ನಳದ ಪೈಪು ಇನ್ನೂ ಹಾಕಿಲ್ಲವಾದರೆ ರಸ್ತೆಯನ್ನೇ ಮುಂದೂಡಿ, ಹೊಸ ಸಿಮೆಂಟು ಒಡೆದವರು ತಿರುಗಿ ಸರಿಮಾಡಿದ್ದು ಅಪರೂಪ.

ಲೆಕ್ಕ ಕೇಳಲು ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕ, ಕೆಲಸಗಳನ್ನು ಜನರೆದುರು ಪರಿಶೀಲಿಸುವ ವಾರ್ಷಿಕ ಸಭೆ ಇದೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ. ಅಳತೆ ಪುಸ್ತಕ, ಬಿಲ್ಲು, ವೋಚರು ಅಲ್ಲಿ ತೋರಿಸಬೇಕು. ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. "ಐದು ವರ್ಷದ ಎಲ್ಲ ಕಾಮಗಾರಿ ವಿವರ" ಎಂದು ಕೇಳಿದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ಒಂದು ಕಾಮಗಾರಿಯ ಎಸ್ಟಿಮೇಟು ಮತ್ತು ಅಳತೆ ಪುಸ್ತಕದ ದೃಢೀಕೃತ ನಕಲು ಎಂದಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ.