ಸಿಗರೇಟು ಬಿಡಲು ಹೊರಟವರಿಗೆ: ನಿಕೋಟಿನ್ ಗಮ್ ಅಗಿಯುವ ಸರಿಯಾದ ರೀತಿ

ಸಿಗರೇಟು ಬಿಟ್ಟ ಎರಡು-ಮೂರನೆಯ ದಿನ ಚಡಪಡಿಕೆ, ಸಿಡುಕು ತೀರಾ ಹೆಚ್ಚು. ಆಮೇಲೆ ಇಳಿಯುತ್ತಾ ಬರುತ್ತದೆ. ಆ ದಿನಗಳನ್ನು ದಾಟಿಸಲು ನಿಕೋಟಿನ್ ಗಮ್, ಅಂದರೆ ಸಿಗರೇಟಿನಲ್ಲಿ ಚಟ ಹಿಡಿಸುವ ನಿಕೋಟಿನನ್ನು ಬಾಯಿಯ ಮೂಲಕ ಸ್ವಲ್ಪ ಸ್ವಲ್ಪವಾಗಿ ಕೊಡುವ ಗಮ್, ನಿಜಕ್ಕೂ ನೆರವಾಗುತ್ತದೆ.

ಆದರೆ ಅದನ್ನು ಮಾಮೂಲಿ ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯಬೇಡಿ. ಹಾಗೆ ಮಾಡಿದರೆ ನಿಕೋಟಿನ್ ಉಗುಳಿನೊಂದಿಗೆ ಹೊಟ್ಟೆ ಸೇರಿ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ಎಷ್ಟೋ ಮಂದಿ ಇದರಿಂದಲೇ ಬೇಸತ್ತು ಕೈಬಿಡುತ್ತಾರೆ. ನಿಧಾನವಾಗಿ ಅಗಿಯಿರಿ, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಕು ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಬದಿಗೆ ಸರಿಸಿ. ಹೀಗೆ ಸುಮಾರು 30 ನಿಮಿಷ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ, ಹಣ್ಣಿನ ರಸ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಎದ್ದ 30 ನಿಮಿಷದೊಳಗೆ ಸಿಗರೇಟು ಹಚ್ಚುತ್ತಿದ್ದವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ನಿಕೋಟಿನ್ ಇರುವ ಗಮ್, ಉಳಿದವರಿಗೆ 2 ಮಿಲಿಗ್ರಾಂನದು. ಗರ್ಭಿಣಿಯರು, ಹೃದ್ರೋಗಿಗಳು ಮೊದಲು ವೈದ್ಯರನ್ನು ಕೇಳಲೇಬೇಕು.

ಇನ್ನೊಂದು ವಿಷಯ, ಬಹಳ ಜನರಿಗೆ ತಿಳಿದಿಲ್ಲ: ಸಿಗರೇಟಿನ ಹೊಗೆ ಕಾಫಿಯಲ್ಲಿನ ಚುರುಕುಕಾರಕ ಕೆಫೀನನ್ನು ದೇಹದಲ್ಲಿ ಬೇಗ ಕರಗಿಸುತ್ತದೆ. ಸೇದುವುದನ್ನು ನಿಲ್ಲಿಸಿದ ಮೇಲೆ ಅಷ್ಟೇ ಕಾಫಿ ಹೆಚ್ಚು ಹೊತ್ತು ಕಾಡಿ ನಿದ್ದೆ ಕೆಡಿಸುತ್ತದೆ. ಆದ್ದರಿಂದ ಅದೇ ದಿನದಿಂದ ಕಾಫಿಯನ್ನೂ ಅರ್ಧಕ್ಕೆ ಇಳಿಸಿ.