ಮಂಡಕ್ಕಿ ಓಡಿಸಲಿಕ್ಕೆ ಯಾವ ಕ್ಯಾಮೆರಾ, ಯಾವ ಲೆನ್ಸು?

ನಮ್ಮ ಅಕ್ಕನ ಮಗಳು ಇಲ್ಲೇ ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಾಳೆ. ಹೋದ ತಿಂಗಳು ಸ್ಟುಡಿಯೋಗೆ ಬಂದು, "ಮಾಮ, ಸ್ಟಾಪ್ ಮೋಷನ್ ಮಾಡಬೇಕು, ಯಾವ ಕ್ಯಾಮೆರಾ ತಗೊಳ್ಳಲಿ?" ಅಂದಳು. ವಸ್ತುವನ್ನು ಚೂರುಚೂರೇ ಸರಿಸುತ್ತ ಒಂದೊಂದೇ ಫೋಟೋ ತೆಗೆದು, ಸಾಲಾಗಿ ಓಡಿಸಿ ಅದು ತಾನೇ ನಡೆದಂತೆ ತೋರಿಸುವುದೇ ಸ್ಟಾಪ್ ಮೋಷನ್. "ಮೊದಲು ಲೆನ್ಸ್ ಯಾವುದು ಅಂತ ಕೇಳವ್ವ, ಕ್ಯಾಮೆರಾ ಆಮೇಲೆ ನೋಡೋಣ" ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮದುವೆ ಫೋಟೋ ತೆಗೆಯುವವನು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳೆಲ್ಲ ನಿಂತಾಗ, ಊಟದ ಮೇಜಿನ ಮೇಲೆ ಮಂಡಕ್ಕಿ ಹರವಿ, ಒಂದೊಂದೇ ಕಾಳು ಸರಿಸಿ, ಮಿರ್ಚಿಯ ಸುತ್ತ ಮಂಡಕ್ಕಿ ಮೆರವಣಿಗೆ ಹೊರಡಿಸಿದೆ. ಸೆಕೆಂಡಿಗೆ 12 ಫೋಟೋದ ಲೆಕ್ಕದಲ್ಲಿ 14 ಸೆಕೆಂಡಿಗೆ 168 ಫೋಟೋ. ಏಪ್ರಿಲ್ ಸೆಖೆ. ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರು ಬಿಟ್ಟರೂ ಕಾಳು ಹೊರಳುತ್ತದೆ. ಎರಡು ದಿನ ಕೂತು ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಓಡಿಸಿದರೆ ಮಂಡಕ್ಕಿ ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ಚಿತ್ರ ಗಾಳಿಗೆ ಸಿಕ್ಕ ದೀಪದ ಹಾಗೆ ಮಿಣುಕುತ್ತಿತ್ತು. ಮ್ಯಾನ್ಯುಯಲ್ ಮೋಡ್‌ನಲ್ಲೇ ತೆಗೆದಿದ್ದೆ, ಕಿಟಕಿ ಮುಚ್ಚಿದ್ದೆ, ಇದ್ದದ್ದು ಒಂದೇ ಲೈಟು. ಕಾರಣ ಹುಡುಕಲಿಕ್ಕೆ ಒಂದು ವಾರ ಹಿಡಿಯಿತು.

ದೋಷ ಇದ್ದದ್ದು ಲೆನ್ಸಿನ ಅಪರ್ಚರಿನಲ್ಲಿ, ಅಂದರೆ ಬೆಳಕು ಒಳಬರುವ ಕಿಂಡಿಯಲ್ಲಿ. ಈಗಿನ ಲೆನ್ಸುಗಳಲ್ಲಿ ನೀವು ಆ ಕಿಂಡಿಯನ್ನು ಸಣ್ಣದು ಮಾಡಿ ಎಫ್ 8ಕ್ಕೆ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಇಟ್ಟರೂ, ನೋಡುವಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಕ್ಲಿಕ್ ಮಾಡಿದಾಗ ಮಾತ್ರ ಒಳಗಿನ ಬ್ಲೇಡುಗಳು ಮುಚ್ಚಿ ಎಫ್ 8ಕ್ಕೆ ಬಂದು, ಮತ್ತೆ ತೆರೆದುಕೊಳ್ಳುತ್ತವೆ. ಪ್ರತಿ ಸಲವೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಮದುವೆ ಆಲ್ಬಮ್ಮಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸೆಕೆಂಡಿಗೆ 12 ಓಡಿಸಿದಾಗ ಎದ್ದು ಕಾಣುತ್ತದೆ.

ಇದಕ್ಕೆ ಮದ್ದು ಅಪರ್ಚರ್ ರಿಂಗ್ ಇರುವ ಹಳೇ ಮ್ಯಾನ್ಯುಯಲ್ ಲೆನ್ಸು. ಆದರೆ ಇಲ್ಲೊಂದು ಗುಟ್ಟಿದೆ. ಹಳೇ ನಿಕಾನ್ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್ ಬಾಡಿಗೇ (ಒಳಗೆ ಕನ್ನಡಿಯಿರುವ, ಲೆನ್ಸಿಲ್ಲದ ಬರೀ ಕ್ಯಾಮೆರಾ) ಹಾಕಿದರೆ ಪ್ರಯೋಜನವಿಲ್ಲ. ಬಾಡಿಯಲ್ಲಿರುವ ಸಣ್ಣ ಲಿವರ್ ಅಪರ್ಚರನ್ನು ತೆರೆದು ಹಿಡಿದಿರುತ್ತದೆ, ಕ್ಲಿಕ್ ಮಾಡಿದಾಗ ಬಿಡುತ್ತದೆ, ಮಿಣುಕು ತಪ್ಪುವುದಿಲ್ಲ. ಅದೇ ಲೆನ್ಸನ್ನು ಅಡಾಪ್ಟರ್ ಮೂಲಕ ಕ್ಯಾನನ್ ಬಾಡಿಗೆ ಹಾಕಿ. ಲಿವರನ್ನು ಎಳೆಯುವವರು ಯಾರೂ ಇಲ್ಲ, ರಿಂಗ್ ಎಲ್ಲಿಟ್ಟಿರೋ ಅಪರ್ಚರ್ ಅಲ್ಲೇ ನಿಂತಿರುತ್ತದೆ. ನಿಕಾನ್ ಲೆನ್ಸು ಕೂರುವ ಮೌಂಟಿನಿಂದ ಚಿತ್ರ ಮೂಡುವ ಸೆನ್ಸರಿಗೆ 46.5 ಮಿಲಿಮೀಟರ್ ದೂರ ಬೇಕು, ಕ್ಯಾನನ್ ಡಿಎಸ್‌ಎಲ್‌ಆರ್‌ನ ಇಎಫ್ ಮೌಂಟಿಗೆ 44. ನಡುವಿನ ಎರಡೂವರೆ ಮಿಲಿಮೀಟರ್‌ನಲ್ಲಿ ಬರಿಯ ಲೋಹದ ಬಳೆಯಂಥ ಅಡಾಪ್ಟರ್ ಕೂರುತ್ತದೆ, ಅದರಲ್ಲಿ ಗಾಜು ಬೇಕಿಲ್ಲ. ಕ್ಯಾನನ್ ಪರದೆಯ ಮೇಲೆ ಅಪರ್ಚರ್ ಜಾಗದಲ್ಲಿ 00 ಅಂತ ಕಾಣುತ್ತದೆ, ಗಾಬರಿಯಾಗಬೇಡಿ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದರೂ ವೈರು, ಚಿಪ್ಪು ಇಲ್ಲದ ಸಾದಾ ಅಡಾಪ್ಟರ್ ಸಾಕು. 2005ರ 'ಕಾರ್ಪ್ಸ್ ಬ್ರೈಡ್' ಎಂಬ ಸ್ಟಾಪ್ ಮೋಷನ್ ಚಿತ್ರವನ್ನೂ ಕ್ಯಾನನ್ ಬಾಡಿಗೆ ನಿಕಾನ್ ಲೆನ್ಸು ಹಾಕಿಯೇ ತೆಗೆದಿದ್ದರು. ಅದನ್ನು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಯಾವ ಅಳತೆಯ ಲೆನ್ಸು? ಒಂದೇ ಕೊಳ್ಳುವುದಾದರೆ ನಿಕಾನಿನ 55 ಮಿಲಿಮೀಟರಿನ ಮೈಕ್ರೋ, ಅಂದರೆ ತೀರ ಹತ್ತಿರದಿಂದ ತೆಗೆಯುವ ಲೆನ್ಸು. ಸಾಮಾನ್ಯ 50ರ ಲೆನ್ಸು ಮೊಳ ದೂರದಿಂದ ಒಳಗೆ ಫೋಕಸ್ ಆಗುವುದಿಲ್ಲ. ಈ 55 ಸೆನ್ಸರಿನಿಂದ 25 ಸೆಂಟಿಮೀಟರ್‌ವರೆಗೂ ಹತ್ತಿರ ಹೋಗುತ್ತದೆ. ಮಂಡಕ್ಕಿಯ ಉಬ್ಬಿದ ಹೊಟ್ಟೆ, ಭಟ್ಟಿಯಲ್ಲಿ ಹುರಿದಾಗ ತುದಿಗೆ ಹತ್ತಿದ ಕಂದು ಚುಕ್ಕೆ, ಕಾಳಿಗೆ ಅಂಟಿದ ಅರಿಶಿನದ ಪುಡಿ ಎಲ್ಲ ಕಾಣುತ್ತದೆ. ತೊಂದರೆಯೆಂದರೆ ಅಷ್ಟು ಹತ್ತಿರ ಹೋದಾಗ ಲೆನ್ಸಿನ ಬಾಯಿಗೂ ಕಾಳಿಗೂ ಗೇಣು ಜಾಗವೂ ಉಳಿಯುವುದಿಲ್ಲ, ಕೈ ತಾಗುತ್ತದೆ. ನಾನು ಕಾಳು ಸರಿಸಲು ಊದಿನಕಡ್ಡಿಯ ಬಿದಿರು ತುದಿ ಬಳಸುತ್ತೇನೆ. ಮಣ್ಣಿನ ಗೊಂಬೆ, ಅದರ ಹಿಂದೆ ಕೋಟೆ ಗೋಡೆಯ ಸೆಟ್ಟು ಅಂತೆಲ್ಲ ಮಾಡುವವರಿಗೆ ಹೆಚ್ಚು ಅಗಲ ಕಾಣುವ 28 ಮಿಲಿಮೀಟರಿನದು ಕೂಡ ಬೇಕಾಗುತ್ತದೆ.

ಹಳೇ ಲೆನ್ಸು ಕೊಳ್ಳುವಾಗ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ನೋಡಿ. ಜೇಡರ ಬಲೆಯಂತೆ ಕಂಡರೆ ಅದು ಫಂಗಸ್, ಬೇಡ. ಅಪರ್ಚರ್ ಬ್ಲೇಡಿಗೆ ಎಣ್ಣೆ ಹತ್ತಿದೆಯೇ ನೋಡಿ. ಆಮೇಲೆ ಲೆನ್ಸನ್ನು ಬಾಯಿ ಕೆಳಗೆ ಮಾಡಿ ಹಿಡಿದುಕೊಳ್ಳಿ. ಫೋಕಸ್ ತಾನಾಗಿ ಜಾರಿದರೆ, ಮೇಲಿನಿಂದ ತೆಗೆಯುವ ಶಾಟ್‌ನಲ್ಲಿ ನಡುವೆಯೇ ಕೈಕೊಡುತ್ತದೆ. ಬಿಗಿಯಾಗಿದ್ದರೂ ಫೋಕಸ್ ಸಿಕ್ಕ ಮೇಲೆ ರಿಂಗಿಗೆ ಒಂದು ಸುತ್ತು ಕಪ್ಪು ಟೇಪು ಹಚ್ಚಿಬಿಡಿ.

ಇನ್ನು ಬಾಡಿ. ಇಲ್ಲಿ ದುಡ್ಡು ಸುರಿಯಬೇಡಿ. ಫುಲ್ ಎಚ್‌ಡಿ ಚಿತ್ರಕ್ಕೆ ಬೇಕಾದದ್ದು ಸುಮಾರು 21 ಲಕ್ಷ ಪಿಕ್ಸೆಲ್, 4ಕೆಗೆ 83 ಲಕ್ಷ. ಹಳೇ ಕ್ಯಾನನ್ 600ಡಿಯಲ್ಲೇ 1 ಕೋಟಿ 80 ಲಕ್ಷ ಇದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬೇಕಿಲ್ಲ, ಸಣ್ಣ ವಸ್ತು ತೆಗೆಯುವಾಗ ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರಿನಲ್ಲಿ ಹಿಂದುಮುಂದಿನ ಫೋಕಸ್ ಸುಲಭವಾಗಿ ಸಿಗುತ್ತದೆ. ನೋಡಬೇಕಾದದ್ದು ಬೇರೆ: ಯುಎಸ್‌ಬಿ ಹಾಕಿದರೆ ಕಂಪ್ಯೂಟರಿನಲ್ಲಿ ಲೈವ್ ವ್ಯೂ (ಲೆನ್ಸು ನೋಡುತ್ತಿರುವ ದೃಶ್ಯ) ಬರಬೇಕು, ಬ್ಯಾಟರಿಯ ಜಾಗದಲ್ಲಿ ಕೂತು ಗೋಡೆಯ ಕರೆಂಟಿನಿಂದ ಓಡಿಸುವ ಡಮ್ಮಿ ಬ್ಯಾಟರಿ ಸಿಗಬೇಕು. ಶಾಟ್ ನಡುವೆ ಬ್ಯಾಟರಿ ಬದಲಿಸಲು ಹೋದರೆ ಕ್ಯಾಮೆರಾ ಕದಲಿಯೇ ಕದಲುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಎಷ್ಟು ಕ್ಲಿಕ್ ಆಗಿದೆ ಕೇಳಿ. ಒಂದು ನಿಮಿಷದ ಚಿತ್ರಕ್ಕೇ 720 ಕ್ಲಿಕ್ ಬೇಕು, ಮದುವೆಗಳಲ್ಲಿ ದುಡಿದು ಸುಸ್ತಾದ ಬಾಡಿ ಬೇಡ.

ಸದ್ಯಕ್ಕೆ ದುಡ್ಡಿಲ್ಲದಿದ್ದರೆ ಫೋನಿನಲ್ಲೇ ಶುರು ಮಾಡಿ. ಬಹುಪಾಲು ಫೋನುಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡುವ ಆ್ಯಪ್ ಹಾಕಿಕೊಂಡರೆ ಆಯಿತು.

ನನ್ನ ಸೆಟ್ಟಿಂಗ್ ಹೀಗೆ: ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು) 100, ಎಫ್ 8ರಿಂದ 11, ಶಟರ್ ಅರ್ಧ ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ ಉದ್ದ ಇದ್ದರೆ ಆ ಮಿಡಿತ ಸಮವಾಗಿ ಬೆರೆತುಹೋಗುತ್ತದೆ. ವೈಟ್ ಬ್ಯಾಲೆನ್ಸ್ ಆಟೋ ಬೇಡವೇ ಬೇಡ. ಸ್ಟೆಬಿಲೈಸೇಶನ್ ಇದ್ದರೆ ಆಫ್ ಮಾಡಿ. ಬಿಳಿ ಅಂಗಿ ಹಾಕಿಕೊಂಡು ಕೂರಬೇಡಿ, ಅದರ ಬೆಳಕು ತಟ್ಟೆಯ ಮೇಲೆ ಬೀಳುತ್ತದೆ.

ಎಲ್ಲ ಕೂಡಿಸಿದ ದಿನ ಮಂಡಕ್ಕಿ ಮುಟ್ಟಬೇಡಿ. ಖಾಲಿ ಗೋಡೆಗೆ ಲೈಟು ಬಿಟ್ಟು, ಏನನ್ನೂ ಅಲುಗಿಸದೆ 36 ಫೋಟೋ ತೆಗೆದು ಓಡಿಸಿ. ಮೂರು ಸೆಕೆಂಡು ಗೋಡೆ ಸುಮ್ಮನೆ ನಿಂತಿದ್ದರೆ ನಿಮ್ಮ ಕ್ಯಾಮೆರಾ, ಲೆನ್ಸಿನ ಜೋಡಿ ಸರಿಯಾಗಿದೆ. ಮಿಣುಕಿದರೆ ಬ್ಯಾಟರಿಯ ಎಲ್‌ಇಡಿ ಲೈಟು ಹಚ್ಚಿ ಮತ್ತೆ 36 ತೆಗೆಯಿರಿ. ಆಗ ನಿಂತರೆ ತಪ್ಪು ಮನೆಯ ವೋಲ್ಟೇಜಿನದು, ಆಗಲೂ ಮಿಣುಕಿದರೆ ಲೆನ್ಸಿನದು. ಅಕ್ಕನ ಮಗಳು 600ಡಿಗೆ ನನ್ನ 55 ಹಾಕಿಕೊಂಡು ಮೊನ್ನೆ ಈ ಪರೀಕ್ಷೆ ಮಾಡಿದಳು. ಮೊದಲ ಸಲ ಗೋಡೆ ಮಿಣುಕಿತು, ಬ್ಯಾಟರಿ ಲೈಟಿಗೆ ನಿಂತಿತು. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಬೆಣ್ಣೆ ದೋಸೆ ತಾನೇ ಮಡಚಿಕೊಳ್ಳುತ್ತಿದೆ, ನಿನ್ನೆಗೆ 61ನೇ ಫ್ರೇಮ್.