ಕಣ್ಣಿನ ಓಸಿಟಿ ಸ್ಕ್ಯಾನ್‌ನಲ್ಲಿ ಮೆದುಳಿನ ಸುಳಿವು: ರಿಪೋರ್ಟ್ ನೋಡುವುದು ಹೇಗೆ?

ಕಣ್ಣಿನ ಹಿಂದಿರುವ ಆಪ್ಟಿಕ್ ನರ ಮೆದುಳಿನದೇ ಭಾಗ. ಅದಕ್ಕೇ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ನರಗಳ ಹೊದಿಕೆಗೆ ಹಾನಿ ಮಾಡುವ ಕಾಯಿಲೆ) ಅನುಮಾನ ಬಂದಾಗ ಅಥವಾ ತಲೆಬುರುಡೆಯೊಳಗೆ ಒತ್ತಡ ಏರಿರಬಹುದು ಅನ್ನಿಸಿದಾಗ ನರರೋಗ ವೈದ್ಯರು ಓಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಸ್ಕ್ಯಾನ್ ಬರೆದುಕೊಡುವುದುಂಟು. ಅಮೆರಿಕದ ಎಂಐಟಿ ತಂಡ 1991ರಲ್ಲಿ ಪ್ರಕಟಿಸಿದ ತಂತ್ರ ಇದು. ಇನ್ಫ್ರಾರೆಡ್ ಬೆಳಕು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಪದರಗಳಿಗೆ ತಾಗಿ ವಾಪಸ್ ಬರುತ್ತದೆ, ಅದರಿಂದ ಒಂದೊಂದು ಪದರದ ದಪ್ಪವೂ ಮೈಕ್ರಾನ್‌ಗಳಲ್ಲಿ (ಮಿಲಿಮೀಟರಿನ ಸಾವಿರದ ಒಂದು ಭಾಗ) ಗೊತ್ತಾಗುತ್ತದೆ. ನೋವಿಲ್ಲ, ಎಕ್ಸ್-ರೇ ಇಲ್ಲ.

ಹೋಗುವಾಗ ಹಳೆಯ ರಿಪೋರ್ಟ್ ಇದ್ದರೆ ಮರೆಯದೆ ಒಯ್ಯಿರಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಗಾಡಿ ಓಡಿಸಬೇಡಿ. ಗಲ್ಲ, ಹಣೆ ಒರಗಿಸಿ ಒಳಗೆ ಕಾಣುವ ಗುರುತನ್ನೇ ನೋಡುತ್ತಾ ಕೂತರೆ ಸಾಕು, ಒಂದೊಂದು ಸ್ಕ್ಯಾನ್ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಕಣ್ಣು ಒಣಗಿದರೆ ಚಿತ್ರ ಮಸುಕಾಗುತ್ತದೆ. ಶುರು ಮಾಡುವ ಮುಂಚೆ ಚೆನ್ನಾಗಿ ರೆಪ್ಪೆ ಬಡಿಯಿರಿ.

ರಿಪೋರ್ಟ್ ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಕೆಂಪು ಬಣ್ಣಕ್ಕೆ. ತಡೆಯಿರಿ. ಮೊದಲು ಸಿಗ್ನಲ್, ಅಂದರೆ ಚಿತ್ರದ ಗುಣಮಟ್ಟದ ಅಂಕ ಎಷ್ಟಿದೆ ನೋಡಿ, 10ಕ್ಕೆ ಅಂಕ ಕೊಡುವ ಮಷೀನಿನಲ್ಲಿ 6ಕ್ಕಿಂತ ಕಡಿಮೆ ಇದ್ದರೆ ಮತ್ತೆ ತೆಗೆಸಿ ಅಂತ ಕೇಳಬಹುದು. ಕೆಂಪು ಅಂದರೆ ನಿಮ್ಮ ವಯಸ್ಸಿನ ಆರೋಗ್ಯವಂತರಿಗಿಂತ ಪದರ ತೆಳುವಾಗಿದೆ ಎಂದಷ್ಟೇ. ಜಾಸ್ತಿ ಮೈನಸ್ ಪವರ್ ಇರುವವರಿಗೆ ಕಾಯಿಲೆ ಇಲ್ಲದೆಯೂ ಕೆಂಪು ಬರುತ್ತದೆ, ಗ್ಲಾಕೋಮಾದಲ್ಲೂ ಪದರ ತೆಳುವಾಗುತ್ತದೆ. ಹಸಿರು, ಅಂದರೆ ದಪ್ಪ ಸಾಮಾನ್ಯ ಮಟ್ಟದಲ್ಲಿದೆ ಎಂದು ಕಂಡರೂ ನಿಶ್ಚಿಂತೆ ಅಲ್ಲ. ಆಪ್ಟಿಕ್ ನರದ ಉರಿಯೂತ ಹೊಸದಾಗಿದ್ದಾಗ ಪದರ ಊದಿಕೊಂಡಿರುತ್ತದೆ, ನಿಜವಾದ ನಷ್ಟ ಕಾಣುವುದು ಕೆಲವು ತಿಂಗಳ ನಂತರವೇ, ಹಾಗಾಗಿ ಮತ್ತೊಮ್ಮೆ ಸ್ಕ್ಯಾನ್ ಬೇಕಾಗುತ್ತದೆ.

ಎರಡು ಕಣ್ಣುಗಳ ಸರಾಸರಿ ದಪ್ಪವನ್ನು ಹೋಲಿಸಿ ನೋಡುವುದು ತುಂಬಾ ಮುಖ್ಯ. ಬಲಗಣ್ಣಿನಲ್ಲಿ ನರತಂತು ಪದರ (ಆಪ್ಟಿಕ್ ನರಕ್ಕೆ ಸೇರುವ ಎಳೆಗಳಿರುವ ರೆಟಿನಾ ಪದರ) 96 ಮೈಕ್ರಾನ್, ಎಡಗಣ್ಣಿನಲ್ಲಿ 82 ಇದೆ ಅಂದುಕೊಳ್ಳಿ. ಎಡಗಣ್ಣಿನ ನರಕ್ಕೆ ಹಿಂದೆ ಏನಾದರೂ ಆಗಿತ್ತಾ ಅಂತ ವೈದ್ಯರು ಕೇಳಲೇಬೇಕು. ಎರಡೂ ಕಣ್ಣಿನ ನರದ ತಲೆ (ನರ ಕಣ್ಣಿಗೆ ಸೇರುವ ಜಾಗ) ಊದಿದ್ದರೆ ತಲೆಬುರುಡೆಯೊಳಗಿನ ಒತ್ತಡದ ಬಗ್ಗೆ ಯೋಚಿಸುತ್ತಾರೆ, ಆಗ ಎಂಆರ್‌ಐ ಮುಂದೂಡುವಂತಿಲ್ಲ. ಮುಂದಿನ ಸಲವೂ ಅದೇ ಮಷೀನಿನಲ್ಲೇ ಮಾಡಿಸಿ. ಬೇರೆ ಕಂಪನಿಯ ಮಷೀನಿನ ಸಂಖ್ಯೆ ಜೊತೆ ಹೋಲಿಸಿ ಸುಮ್ನೆ ಗಾಬರಿಯಾಗಬೇಡಿ.

ಆಲ್ಜೈಮರ್ಸ್, ಪಾರ್ಕಿನ್ಸನ್ಸ್ ಇರುವವರ ಗುಂಪುಗಳಲ್ಲಿ ರೆಟಿನಾ ತೆಳುವಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಒಬ್ಬರ ಸ್ಕ್ಯಾನ್ ನೋಡಿ ನಿಮಗೆ ಈ ಕಾಯಿಲೆ ಇದೆ ಅಂತ ಹೇಳಲಾಗದು. ಹಾಗೆ ಹೇಳಿ ಪ್ಯಾಕೇಜ್ ಮಾರಿದರೆ ದುಡ್ಡು ಕೊಡಬೇಡಿ.

ತಲೆಗೆ ಪೆಟ್ಟು ಬಿದ್ದಾಗ ಅಪಘಾತದ ಸ್ಥಳದಲ್ಲೇ ಕಣ್ಣಿಗೆ ಲೇಸರ್ ಹಾಯಿಸಿ ಮೆದುಳಿನ ಗಾಯ ಪತ್ತೆ ಮಾಡುವ ಉಪಕರಣದ ಮೇಲೆ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಸಂಶೋಧನೆ ನಡೆಸುತ್ತಿದೆ. ಇವತ್ತಿಗೆ ಮಾತ್ರ, ಪೆಟ್ಟಿನ ನಂತರ ವಾಂತಿ, ಮಂಪರು, ತೊದಲು ಕಂಡರೆ ಕಣ್ಣಿನ ಸ್ಕ್ಯಾನ್ ಯೋಚನೆ ಬಿಟ್ಟು 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.